ಸ್ಟೇಶನ್ ಬಜಾರದ ಬಂಡೆಮ್ಮ ಮತ್ತು ಸಾಹೇಬರ ಪದಕ

ಕಮಲಾಪುರದಿಂದ ಕಲಬುರ್ಗಿಗೆ ಬರುವ ಮೊದಲ ಬಸ್ಸಿನಲ್ಲಿ ಡ್ರೈವರ್ ಸೀಟಿನ ಹಿಂದೆ ಒಂದು ಹಣ್ಣಿನ ಬುಟ್ಟಿ, ಇಲ್ಲಿಯವರ ಬಾಯಲ್ಲಿ ಪುಟ್ಟಿ, ಕೂರುವಷ್ಟು ಜಾಗ ಯಾವಾಗಲೂ ಖಾಲಿ ಇರುತ್ತದೆ. ಅಲ್ಲಿ ಯಾರಾದರೂ ಚೀಲ ಇಡಲು ಹೋದರೆ ಕಂಡಕ್ಟರು, "ಅದು ಬಂಡೆಮ್ಮನ ಜಾಗಾ, ಈಚಿಗಿ ಇಡ್ರಿ" ಎನ್ನುತ್ತಾರೆ. ಪುಟ್ಟಿಗೆ ಬೇರೆ ಟಿಕೆಟ್ ಹರಿಯುವುದನ್ನು ಅವರು ಎಂದೋ ಬಿಟ್ಟಿದ್ದಾರೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದ ಬಂಡೆಮ್ಮ ಹಳೇ ಸೀರೆಯ ತುಂಡನ್ನು ಸಿಂಬಿ ಸುತ್ತಿ ತಲೆಯ ಮೇಲಿಡುತ್ತಾರೆ, ಅದರ ಮೇಲೆ ಕೆಂಪು ಬಾಳೆಹಣ್ಣಿನ ಪುಟ್ಟಿ ಹೊತ್ತು ಸ್ಟೇಶನ್ ಬಜಾರದ ದಾರಿ ಹಿಡಿಯುತ್ತಾರೆ. ಅವರು ಅಲ್ಲಿ ಮುಟ್ಟುವಾಗ ಲಾಡ್ಜುಗಳ ಮುಂದಿನ ಬಲ್ಬುಗಳು ಇನ್ನೂ ಆರಿರುವುದಿಲ್ಲ.

ಆಟೋ ಸ್ಟ್ಯಾಂಡಿನ ಸಾಲಿನಿಂದ ಒಬ್ಬ ಯುವಕ ಇಳಿದು ಬರುತ್ತಾನೆ. ಮಾತಿಲ್ಲ, ನಮಸ್ಕಾರವಿಲ್ಲ. ಎರಡೂ ಕೈಯಿಂದ ಪುಟ್ಟಿಯನ್ನು ತಲೆಯಿಂದ ಇಳಿಸಿ ನೆಲಕ್ಕಿಟ್ಟು ತಿರುಗಿ ನೋಡದೆ ತನ್ನ ಆಟೋಕ್ಕೆ ಹೋಗಿ ಕೂರುತ್ತಾನೆ. ಅವನ ಹೆಸರು ಶಫಿ. ಸ್ವಲ್ಪ ಹೊತ್ತಿಗೆ ಅವನ ತಾಯಿ ಮೆಹರುನ್ನಿಸಾ ಪುದೀನಾ, ಕೊತ್ತಂಬರಿ, ನಿಂಬೆಹಣ್ಣಿನ ಗಂಟು ಹೊತ್ತು ಬರುತ್ತಾರೆ. ಎದುರಿನ ಬೇವಿನ ಗಿಡದ ಬುಡದಲ್ಲಿ ಗೋಣಿತಟ್ಟು ಹಾಸಿ, ಬಂಡೆಮ್ಮನಿಗೆ ಬೆನ್ನು ಮಾಡಿ ಕೂರುತ್ತಾರೆ.

ಮೂರು ವರ್ಷದ ಹಿಂದಿನವರೆಗೆ ಆ ಬೇವಿನ ಬುಡದಲ್ಲಿ ಇಬ್ಬರೂ ಮಗ್ಗುಲು ಮಗ್ಗುಲಿಗೆ ಕೂರುತ್ತಿದ್ದರು. ಒಂದೇ ತಂಬಿಗೆಯ ನೀರು ಕುಡಿಯುತ್ತಿದ್ದರು. ಈಗ ಬಂಡೆಮ್ಮ ಕೂರುವುದು ಮುಚ್ಚಿದ ಅಂಗಡಿಯೊಂದರ ಮುಂದೆ, ಗಟಾರದ ಪಕ್ಕ. ಊರಿನ ಗಿರಾಕಿಗಳು ಇತ್ತ ಬರುವುದಿಲ್ಲ. ಮುಂಚೆ ಎರಡು ಪುಟ್ಟಿ ಮಧ್ಯಾಹ್ನದೊಳಗೆ ಖಾಲಿ. ಈಗ ಒಂದೇ ಪುಟ್ಟಿ, ಅದರಲ್ಲೂ ಅರ್ಧ ಮೆತ್ತಗಾಗಿ ಸಂಜೆ ಬಸ್ಸಿಗೆ ವಾಪಸು ಹೋಗುತ್ತದೆ.

"ರೈಲಿನವ್ರು ತಗೋತಾರ್ರಿ" ಎನ್ನುತ್ತಾರೆ ಬಂಡೆಮ್ಮ. "ಅವ್ರಿಗಿನ್ನಾ ನನ್ನ ಕಥಿ ಗೊತ್ತಿಲ್ಲಲ್ರಿ."

ಕಥೆ ಇಷ್ಟೇ. ಗುಪ್ತವಾರ್ತೆಯ ಕೆಲಸದಲ್ಲಿ ವಿಶಿಷ್ಟ ಸೇವೆ ಸಲ್ಲಿಸಿದರೆಂದು ಹಿಂದೆ ಇಲ್ಲಿದ್ದ ಪೊಲೀಸ್ ಅಧಿಕಾರಿಯೊಬ್ಬರಿಗೆ ೧೯೯೬ರಲ್ಲಿ ಪದಕ ಬಂತು. ಪದಕ ತಂದುಕೊಟ್ಟ ಸುದ್ದಿ ಬಂಡೆಮ್ಮನದು. ಅದಕ್ಕೆ ಅವರಿಗೆ ಸಿಕ್ಕಿದ್ದು ಗಟಾರದ ಪಕ್ಕದ ಈ ಜಾಗ.

ಅರವತ್ತರ ಹತ್ತಿರದ ಬಂಡೆಮ್ಮ ಮದುವೆಯಾಗಿ ಕಮಲಾಪುರಕ್ಕೆ ಬಂದವರು. ಗಂಡ ದೌಲಪ್ಪ ಮಂದಿಯ ಬಾಳೆ ತೋಟದಲ್ಲಿ ಕೂಲಿ ಮಾಡುತ್ತಿದ್ದರು. ಅವರಿಗೆ ಉಬ್ಬಸ ಹತ್ತಿ ಗೊನೆ ಎತ್ತುವ ಶಕ್ತಿ ಹೋದಾಗ ಪುಟ್ಟಿ ಹೆಂಡತಿಯ ತಲೆಗೆ ಬಂತು. ದೌಲಪ್ಪ ಈಗಿಲ್ಲ. ಮಗ ಯಂಕಪ್ಪ ನಂದೂರಿನ ಬೇಳೆ ಮಿಲ್ಲಿನಲ್ಲಿ ಚೀಲ ಹೊರುತ್ತಾನೆ. ಕಮಲಾಪುರದ ಸುತ್ತ ಬೆಳೆಯುವ, ಮೋಟಾಗಿ ದಪ್ಪಗಿರುವ ಆ ಕೆಂಪು ಹಣ್ಣನ್ನು ಸ್ಟೇಶನ್ನಿಗೆ ತಂದು ಮಾರುವ ಹೆಂಗಸು ಬಂಡೆಮ್ಮ ಒಬ್ಬರೇ. ಇದು ಮುಂದೆ ಅವರಿಗೆ ಮುಳುವಾಯಿತು.

ಪೊಲೀಸರ ಸಹವಾಸ ಶುರುವಾದದ್ದು ಒಂದು ಶಬ್ದದ ಎಡವಟ್ಟಿನಿಂದ. ೧೯೮೪ರ ಒಂದು ಮುಂಜಾನೆ ಧೋತರ ಉಟ್ಟ ಗಂಡಸೊಬ್ಬ ಬೇವಿನ ಗಿಡಕ್ಕೆ ಆತು ನಿಂತಿದ್ದ. ಹಣ್ಣು ಕೊಳ್ಳಲಿಲ್ಲ, ಆಚೆಯೂ ಹೋಗಲಿಲ್ಲ. ಗಿರಾಕಿಗಳಿಗೆ ಅಡ್ಡವಾಗುತ್ತಿದ್ದ ಅವನಿಗೆ ಬಂಡೆಮ್ಮ ಎರಡು ಸಲ ಆಚೆ ಸರಿ ಅಂದರು. ಮೂರನೇ ಸಲ ಅವನು ಬಗ್ಗಿ ಮೆಲ್ಲಗೆ ಹೇಳಿದ: "ಯವ್ವಾ, ನಾ ಮಫ್ತ್ಯಾಗ ಇದ್ದೀನಿ." ಸಮವಸ್ತ್ರ ಬಿಟ್ಟು ಸಾದಾ ಬಟ್ಟೆಯಲ್ಲಿ ಕೆಲಸ ಮಾಡುವುದಕ್ಕೆ ಪೊಲೀಸರಲ್ಲಿ ಮಫ್ತಿ ಎನ್ನುತ್ತಾರೆ. ಬಂಡೆಮ್ಮನಿಗೆ ಗೊತ್ತಿದ್ದದ್ದು ಮುಫತ್ತು, ಅಂದರೆ ಪುಕ್ಕಟೆ, ಮಾತ್ರ.

"ಮುಫತ್ತ? ಮುಫತ್ ಬೇಕಾದ್ರ ದರ್ಗಾದ ಮುಂದ ಹೋಗಿ ಕುಂದ್ರು. ನಂದಿನ್ನಾ ಬೋಣಿ ಆಗಿಲ್ಲ, ಇವಂಗ ಮುಫತ್ ಹಣ್ಣು ಬೇಕಂತ" ಎಂದು ಅವರು ಇಡೀ ಬಜಾರಕ್ಕೆ ಕೇಳುವಂತೆ ಕೂಗಿದರು. ಹಮಾಲರು ನೆರೆದರು. ಮಗ್ಗುಲಲ್ಲಿದ್ದ ಮೆಹರುನ್ನಿಸಾ, "ಮೀಸಿ ನೋಡು ಬಂಡೀ, ಮುಫತ್ ತಿಂದು ತಿಂದು ಹ್ಯಾಂಗ ಬೆಳಸ್ಯಾನ" ಎಂದು ಸೇರಿಸಿದರು. ಆ ಮನುಷ್ಯನ ಮುಖ ಬಿಳಿಚಿತು. ಅವನು ತುಟಿ ಅಲ್ಲಾಡಿಸಿ 'ಪೊಲೀಸ' ಅಂದದ್ದು ಬಂಡೆಮ್ಮನಿಗೆ ಮಾತ್ರ ಕಂಡಿತು.

"ಅವನ ಮಾರಿ ನೋಡಿ ಕನಿಕರ ಬಂತ್ರಿ. ಎಲ್ಲಾರೂ ನಗಲಾಕತ್ತಾರ, ಅಂವ ಬೆವರಲಾಕತ್ತಾನ. ಹೊಟ್ಟಿಪಾಡಿಗೆ ನಿಂತಾನ, ಪಾಪ. ಹೋಗ್ಲಿ ಬಿಡ್ರಿ, ಇಂವ ನಮ್ಮೂರ ಕಡೀ ಹುಡುಗ, ಗುರ್ತ ಹತ್ತಲಿಲ್ಲ ನನಗ, ಅಂದೆ. ಒಂದ ಹಣ್ಣ ಸುಲದು ಕೈಯಾಗ ಕೊಟ್ಟೆ."

ಅಂದಿನಿಂದ ಅವರು ಬಜಾರಕ್ಕೆಲ್ಲ 'ಮುಫತ್ ಭಾಯ್' ಆದರು. ನಿಜವಾದ ಹೆಸರು ವಾಸುದೇವ. ಗುಪ್ತವಾರ್ತೆಯ ಹೆಡ್ ಕಾನ್‌ಸ್ಟೆಬಲ್. ಸರ್ಕಾರ ಎಷ್ಟು ಖರ್ಚು ಮಾಡಿದರೂ ಅಂಥ ವೇಷ ಕೊಡಿಸಲು ಆಗುತ್ತಿರಲಿಲ್ಲ. ಮುಂದೆ ಕೆಲವು ವರ್ಷ ಅವರು ಗಿಡದ ಬುಡದಲ್ಲಿ ಬಂಡೆಮ್ಮನ ಊರಿನವರಾಗಿ ಕೂತರು, ಹಣ್ಣು ಒರೆಸಿದರು, ಮೆಹರುನ್ನಿಸಾ ತರಿಸಿದ ಚಹಾ ಕುಡಿದರು. ಹೋಗುವಾಗ ಬಂಡೆಮ್ಮನನ್ನು, "ಏನರ ವಿಶೇಷ?" ಎಂದು ಕೇಳುತ್ತಿದ್ದರು.

ಬಂಡೆಮ್ಮ ಮೊದಲ ದಿನವೇ ಒಂದು ಗೆರೆ ಎಳೆದಿದ್ದರು. "ಬಜಾರದ ಮಂದಿ ಸುದ್ದಿ ನನ್ನ ಕೇಳಬ್ಯಾಡ. ಅವ್ರ ಜೋಡಿ ನಾ ಉಣ್ಣಬೇಕು. ಹೊರಗಿನವ್ರದು ಏನರ ಕಂಡ್ರ ಹೇಳ್ತೀನಿ." ವಾಸುದೇವರು ಒಪ್ಪಿದರು, ಆ ಮಾತು ಉಳಿಸಿಕೊಂಡರು ಕೂಡ. ಜೇಬುಗಳ್ಳರ ಹೊಸ ಗುಂಪು ಇಳಿದಿದೆ, ಒಬ್ಬಾಕೆ ತನ್ನದಲ್ಲದ ಕೂಸು ಎತ್ತಿಕೊಂಡು ರೈಲು ಹತ್ತುತ್ತಿದ್ದಾಳೆ. ಇಂಥವೇ ಸುದ್ದಿಗಳು. ಆ ಕೂಸು ತಾಯಿಯ ಕೈ ಸೇರಿತು. ತಾಯಿಗೆ ಇವತ್ತಿಗೂ ಬಂಡೆಮ್ಮ ಯಾರೆಂದು ಗೊತ್ತಿಲ್ಲ.

ಪದಕದ ಸುದ್ದಿ ಸಿಕ್ಕಿದ್ದು ೧೯೮೯ರಲ್ಲಿ. ಮುಂಜಾನೆಯ ರೈಲಿನಿಂದ ಇಳಿದ ಒಬ್ಬ ಕಬ್ಬಿಣದ ಟ್ರಂಕನ್ನು ಪಕ್ಕದಲ್ಲಿಟ್ಟುಕೊಂಡು ಗಿಡದ ಹತ್ತಿರ ನಿಂತ. ಎಲ್ಲಿಯವರು ಎಂದು ಬಂಡೆಮ್ಮ ಸುಮ್ಮನೆ ಮಾತಿಗೆ ಕೇಳಿದರು. ಕಮಲಾಪುರದವನು ಎಂದ. ಬಂಡೆಮ್ಮನಿಗೆ ಖುಷಿಯಾಯಿತು. ಟ್ರಂಕು ಭಾರವಿದೆ ಎಂದು ಕಂಡು, ಆಗ ಹೊಸದಾಗಿ ಹಮಾಲಿಗೆ ಸೇರಿದ್ದ ಮೆಹರುನ್ನಿಸಾರ ಮಗ ಶಫಿಯನ್ನು ಕೂಗಿ ಕರೆದರು. ಹುಡುಗನಿಗೆ ಬೋಣಿ ಆಗಲಿ ಎಂದು. ಮೆಹರುನ್ನಿಸಾ, "ನನ್ನ ಮಗಗ ನೀ ಇಲ್ದಿದ್ರ ಕೆಲಸಾನೇ ಇಲ್ಲ ನೋಡು" ಎಂದು ನಕ್ಕರು. ಶಫಿ ಟ್ರಂಕು ತಲೆಗೇರಿಸಿಕೊಂಡ. ಅಷ್ಟರಲ್ಲಿ ಆ ಮನುಷ್ಯ ಪುಟ್ಟಿಯ ಕಡೆ ನೋಡಿ ಕೇಳಿದ: "ಇವು ಯಾಕ ಕೆಂಪ ಅವ? ಕೆಟ್ಟಾವೇನು?"

"ನಮ್ಮೂರಾಗ ಹುಟ್ಟಿದ ಕೂಸು ಸುದ್ದಾ ಈ ಮಾತು ಕೇಳಂಗಿಲ್ರಿ" ಎನ್ನುತ್ತಾರೆ ಬಂಡೆಮ್ಮ.

ಆ ಮಾತು ಅವರು ವಾಸುದೇವರಿಗೆ ಹೇಳಿದರು. ವಾಸುದೇವರು ಮೇಲಿನವರಿಗೆ ಹೇಳಿದರು. ಮಧ್ಯಾಹ್ನ ಪೊಲೀಸರು ಅವನು ಇಳಿದುಕೊಂಡಿದ್ದ ಲಾಡ್ಜಿನ ಕೋಣೆಯ ಬಾಗಿಲು ಮುರಿದರು. ಟ್ರಂಕಿನಲ್ಲಿ ನಾಡ ಪಿಸ್ತೂಲುಗಳಿದ್ದವು. ಆ ಮನುಷ್ಯನ ಜೊತೆಗೆ ಲಾಡ್ಜಿನ ಹುಡುಗ, ಎದುರಿನ ಚಹಾದವ, ಟ್ರಂಕು ಹೊತ್ತ ಶಫಿ, ಎಲ್ಲರನ್ನೂ ಜೀಪಿಗೆ ತುಂಬಿದರು.

ಆ ಸಂಜೆ ಬಂಡೆಮ್ಮ ಬಸ್ಸು ಬಿಟ್ಟು ವಾಸುದೇವರನ್ನು ಹುಡುಕಿಕೊಂಡು ಹೋದರು. "ಹುಡುಗನ್ನ ನಾ ಕರದೀನಿ, ಅವನಿಗೆ ಟ್ರಂಕಿನಾಗ ಏನದ ಅಂತ ಏನ್ ಗೊತ್ತು, ಅವನ್ನ ಬಿಡಸು ಅಂದೆ. ಕಾಲ ಹಿಡದೀನ್ರಿ ಬಾಯಾರ, ಸುಳ್ಳ ಹೇಳಂಗಿಲ್ಲ" ಎಂದು ಬರೆದುಕೊಳ್ಳುತ್ತಿದ್ದ ನನಗೆ ಹೇಳಿದರು. ವಾಸುದೇವರು ಹೇಳಿದರು, ಬರೆದೂ ಕೊಟ್ಟರು. ಆದರೆ ಮುಂದೆ ಪದಕ ಪಡೆದ ಸಾಹೇಬರಿಗೆ ಅವಸರವಿರಲಿಲ್ಲ. ಶಫಿ ಮನೆಗೆ ಬರುವ ಹೊತ್ತಿಗೆ ಅವನ ಎಡಗಿವಿ ಹೋಗಿತ್ತು. ಈಗಲೂ ಗಿರಾಕಿ ಬಲಕ್ಕೆ ನಿಂತು ಹೇಳಿದರೆ ಮಾತ್ರ ಅವನಿಗೆ ಕೇಳುತ್ತದೆ. ಹಮಾಲಿ ಬಿಟ್ಟು ಆಟೋ ಹಿಡಿದ.

ಮೆಹರುನ್ನಿಸಾ ಆಗ ಅತ್ತದ್ದು ಬಂಡೆಮ್ಮನ ಹೆಗಲ ಮೇಲೆಯೇ. ಬಂಡೆಮ್ಮ ಆಕೆಯ ಸೊಪ್ಪನ್ನೂ ತಾವೇ ಮಾರಿ ಸಂಜೆ ದುಡ್ಡನ್ನು ಮನೆಗೆ ಮುಟ್ಟಿಸುತ್ತಿದ್ದರು. ಮುಫತ್ ಭಾಯ್ ಆ ಮೇಲೆ ಬಜಾರದ ಕಡೆ ಬರಲಿಲ್ಲ, ಅವರನ್ನು ಬೇರೆ ಕಡೆ ವರ್ಗ ಮಾಡಿದರು. ಎಲ್ಲ ಅಲ್ಲಿಗೇ ಮುಗಿಯಬಹುದಿತ್ತು.

ಏಳು ವರ್ಷದ ಮೇಲೆ ಪದಕ ಬಂತು. ಅಷ್ಟರಲ್ಲಿ ಸಾಹೇಬರು ದೊಡ್ಡ ಹುದ್ದೆಗೆ ಏರಿ ಬೇರೆ ಊರಿನಲ್ಲಿದ್ದರು. ಇಲ್ಲಿಯ ಕೆಲವು ಗಣ್ಯರು ಕರೆಸಿ ಸತ್ಕಾರ ಮಾಡಿದರು. ಶಾಲು, ಹಾರ, ಹಣ್ಣಿನ ಬುಟ್ಟಿ. ಸಾಹೇಬರು ಪದಕ ಧರಿಸಿಯೇ ಬಂದಿದ್ದರು. ಖುಷಿಯಲ್ಲಿ ಮಾತು ಉದ್ದವಾಯಿತು. ಗುಪ್ತವಾರ್ತೆ ಎಂದರೆ ದೊಡ್ಡ ಯಂತ್ರಗಳಲ್ಲ, ಜನರೇ ನಮ್ಮ ಕಣ್ಣು ಕಿವಿ ಎಂದರು. ಉದಾಹರಣೆಗೆ ಎಂದು ಹೇಳಿದರು: "ನಿಮ್ಮ ಸ್ಟೇಶನ್ನಿನ ಎದುರು ಒಬ್ಬ ಕೆಂಪು ಬಾಳೆಹಣ್ಣಿನ ಹೆಂಗಸು ವರ್ಷಗಟ್ಟಲೆ ನಮ್ಮವಳಾಗಿದ್ದಳು. ಸಣ್ಣಪುಟ್ಟ ಬಕ್ಷೀಸಿಗೆ ಎಲ್ಲಾ ಹೇಳುತ್ತಿದ್ದಳು." ಸಭೆ ಚಪ್ಪಾಳೆ ತಟ್ಟಿತು. ಮರುದಿನ ಪೇಪರಿನಲ್ಲಿ ಬಂತು. ಆಟೋ ಸ್ಟ್ಯಾಂಡಿನಲ್ಲಿ ಒಬ್ಬ ಗಟ್ಟಿಯಾಗಿ ಓದಿದ, ಉಳಿದವರು ಕೇಳಿದರು. ಬೇವಿನ ಬುಡ ಅಲ್ಲಿಂದ ಹತ್ತು ಹೆಜ್ಜೆಯೂ ಇಲ್ಲ.

ಗುಟ್ಟು ಕಾಯ್ದದ್ದಕ್ಕೆ ಕೊಡುವ ಪದಕ ಅದು. ಅದನ್ನು ಎದೆಗೆ ಸಿಕ್ಕಿಸಿಕೊಂಡ ಮನುಷ್ಯ ಒಂದು ಗಂಟೆಯೂ ಗುಟ್ಟು ಕಾಯಲಿಲ್ಲ. ಅವರಿಗೆ ಕೇಡು ಬಯಸುವ ಮನಸ್ಸಿತ್ತೆಂದು ನಾನು ಹೇಳಲಾರೆ. ಬಾಳೆಹಣ್ಣಿನ ಹೆಂಗಸು ಮರುದಿನ ಬೆಳಿಗ್ಗೆ ಮತ್ತೆ ಅಲ್ಲಿಯೇ ಬಂದು ಕೂರಬೇಕಾದವಳು ಎಂಬುದು ಅವರ ನೆನಪಿಗೇ ಬಂದಿರಲಿಕ್ಕಿಲ್ಲ.

"ಪೇಪರ್ ಓದಿ ಮುಗಿಸಿದ್ರು. ಆಕಿ ನನ್ನ ಕಡಿ ನೋಡಿದ್ಲು" ಎನ್ನುತ್ತಾರೆ ಬಂಡೆಮ್ಮ. "ಗೋಣಿತಟ್ಟು ಝಾಡಿಸಿ, ಗಿಡದ ಆ ಕಡಿ ಹಾಕ್ಕೊಂಡು ಕುಂತ್ಲು. ಒಂದ ಮಾತಿಲ್ಲ. ಜಾಗಾ ಆಕೀದೂ ಅದ, ನಂದೂ ಅದ. ಆದ್ರ ಆಕಿ ಮಗನ ಕಿವಿ ಹೋಗ್ಯದ. ಅದಕ್ಕ ನಾನೇ ಎದ್ದು ಬಂದೆ."

ಸ್ಟ್ಯಾಂಡಿನವರ ತಲೆಯಲ್ಲಿ ಆಮೇಲೆ ಎಲ್ಲವೂ ತಾಳೆಯಾಯಿತು. ಶಫಿಯನ್ನು ಟ್ರಂಕು ಹೊರಲು ಕೂಗಿ ಕರೆದವಳು ಯಾರು? ಬಂಡೆಮ್ಮ. ಅಂದಮೇಲೆ ಬೇಕೆಂದೇ ಸಿಕ್ಕಿಸಿದಳು. ಬೋಣಿಯಾಗಲಿ ಎಂದು ಮಾಡಿದ ಉಪಕಾರ ಒಂದೇ ಬೆಳಗಿನಲ್ಲಿ ಬಲೆಯಾಯಿತು. ಹಮಾಲರು ಆಕೆ ಬಂದರೆ, "ಸಾವಧಾನ, ಸಾಹೇಬರು ಬಂದಾರ" ಎಂದು ಒಬ್ಬರಿಗೊಬ್ಬರು ಹೇಳತೊಡಗಿದರು. ಮಿಲ್ಲಿನಲ್ಲಿ ಯಂಕಪ್ಪನನ್ನು ನೋಡಿ, "ನಿಮ್ಮವ್ವಗ ಪಿಂಚಣಿ ಎಷ್ಟ ಬರ್ತದೋ?" ಎಂದರು. ಅವನು ತಾಯಿಯನ್ನು ಕೇಳಿದ್ದು ಒಂದೇ ಮಾತು: "ಬಕ್ಷೀಸ ತಗೊಂಡಿಯೇನು?"

"ಒಂದ ಪೈಸಾ ತಗೊಂಡಿಲ್ರಿ. ವಾಸುದೇವ ಹಣ್ಣ ತಗೊಂಡ್ರೂ ರೊಕ್ಕ ಕೊಟ್ಟೇ ತಗೊಂಡಾನ. ಆ ಮೊದಲನೇದ್ದು ಒಂದ ಬಿಟ್ಟು."

ವಾಸುದೇವರು ಈಗ ನಿವೃತ್ತರು. ಸೇಡಂ ರಸ್ತೆಯ ಒಳಗಿನ ಓಣಿಯಲ್ಲಿ ಅವರ ಸಣ್ಣ ಮನೆ. ಅವರಿಗೆ ಯಾವ ಪದಕವೂ ಬಂದಿಲ್ಲ. ಹೆಂಡತಿ ಮಥುರಾಬಾಯಿ ಕೊಟ್ಟ ಚಹಾವನ್ನು ಅವರು ನನ್ನ ಕಡೆ ಸರಿಸಿದರು. ನೌಕರಿಯ ವಿಷಯ ಸಾಯುವತನಕ ಹೊರಗೆ ಹೇಳುವಂತಿಲ್ಲ ಎಂದರು. ನಂತರ ತಾವಾಗಿಯೇ ಹೇಳಿದರು: "ಆಕಿ ಹುಡುಗನ ಹೆಸರು ಹೇಳಿಲ್ರಿ. ಆಕಿ ಬಂದು ಅತ್ತದ್ದಕ್ಕೇ ಅಂವ ಅಷ್ಟಾದ್ರೂ ಜಲ್ದಿ ಹೊರಗ ಬಂದಾನ. ಇದು ದೇವರ ಮುಂದ ಹೇಳ್ತೀನಿ." ಹಾಗಾದರೆ ಮೆಹರುನ್ನಿಸಾರಿಗೇ ಹೇಳಬಹುದಲ್ಲ ಎಂದೆ. "ಹೋಗಿದ್ದೆ. ಪೇಪರಿನಾಗ ಬಂದ ಮೂರನೇ ದಿನಕ್ಕ ಹೋಗಿ, ನಾ ಯಾರಂತನೂ ಹೇಳಿದೆ. ಆಕಿ ಏನಂದ್ಲು ಗೊತ್ತೇನ್ರಿ? ಖಬರ್ ಕೊಡಾಕಿಗೆ ಪೊಲೀಸನೇ ಸಾಕ್ಷಿ ಏನಪ್ಪಾ ಮುಫತ್ ಭಾಯ್, ಅಂದ್ಲು. ನಾ ಚಪ್ಪಲಿ ಹಾಕ್ಕೊಂಡು ಬಂದೆ."

ಬಂಡೆಮ್ಮನಿಗೆ ಕೊಟ್ಟೆವೆಂದ ಬಕ್ಷೀಸು ಯಾರ ಕೈಗೆ ಹೋಯಿತು ಎಂದು ಕೇಳಿದೆ. ವಾಸುದೇವರು ತಿರುಗುವ ಫ್ಯಾನನ್ನು ನೋಡಿದರು. ಮಥುರಾಬಾಯಿ ಲೋಟ ಎತ್ತಿಕೊಂಡು ಒಳಗೆ ಹೋದರು.

ಮೆಹರುನ್ನಿಸಾರ ಹತ್ತಿರ ಹೋಗಲು ನನಗೆ ಧೈರ್ಯ ಸಾಲದೆ ಎರಡು ದಿನ ಬರೀ ನಿಂಬೆಹಣ್ಣು ಕೊಂಡೆ. ಮೂರನೆಯ ದಿನ ಅವರೇ, "ಉಪ್ಪಿನಕಾಯಿ ಹಾಕಲಾಕತ್ತೀರೋ, ನನ್ನ ಏನರ ಕೇಳಲಾಕ ಬಂದೀರೋ?" ಎಂದರು. ನಾನು ವಾಸುದೇವರು ಹೇಳಿದ್ದನ್ನೇ ಹೇಳಿದೆ. ಬಂಡೆಮ್ಮ ಹೆಸರು ಹೇಳಲಿಲ್ಲ, ಬಿಡಿಸಲು ಕಾಲು ಹಿಡಿದರು.

ಅವರು ಕೊತ್ತಂಬರಿಯ ಕಟ್ಟು ಬಿಚ್ಚಿ ಮತ್ತೆ ಕಟ್ಟಿದರು. "ಹೇಳಿರಕ್ಕಿಲ್ಲ. ನಾನೂ ಹಂಗೇ ತಿಳಕೊಂಡೀನಿ ಬಾಯಾರ. ಬಂಡಿ ಅಂಥಾಕಿ ಅಲ್ಲ. ಆದ್ರ ಆ ಮನಷ್ಯಾ ನನ್ನ ಮಗ್ಗಲಾಗ ಕುಂತು ನನ್ನ ಚಹಾ ಕುಡದ. ನಾ ಅವನ್ನ ಭಾಯ್ ಅಂದೆ. ಮುಫತ್ ಭಾಯ್ ಅಂತ ನಾವೆಲ್ಲಾ ನಗತಿದ್ವಿ. ಆ ನಗೂ ಹಿಂದ ಏನಿತ್ತು ಆಕಿಗೆ ಗೊತ್ತಿತ್ತು, ನನಗ ಗೊತ್ತಿರಲಿಲ್ಲ. ನನ್ನ ಮಗ ಒಳಗಿದ್ದಾಗ ಆಕಿ ಹೆಗಲಿಗೆ ತಲಿ ಇಟ್ಟು ಅತ್ತೀನಿ. ಆಗಾದ್ರೂ ಹೇಳಬಹುದಿತ್ತಲ್ಲ." ಕೊತ್ತಂಬರಿಗೆ ನೀರು ಚಿಮುಕಿಸಿ, "ಖಬರ್ ಸುದ್ದಿ ಎಲ್ಲಾ ಪೊಲೀಸ್ರಿಗೆ, ನನಗ ಒಂದೂ ಇಲ್ಲ" ಎಂದರು. ನಿಂಬೆಹಣ್ಣಿನ ಜೊತೆ ಒಂದು ಪುದೀನಾ ಕಟ್ಟು ನನ್ನ ಚೀಲಕ್ಕೆ ಹಾಕಿ, ದುಡ್ಡು ಬೇಡವೆಂದರು. ಬರೆಯಲೇ ಎಂದು ಕೇಳಿದ್ದಕ್ಕೆ, "ಬರೀರಿ. ಖರೆ ಬರೀರಿ" ಎಂದರು.

ಶಫಿ ತನ್ನ ಬಲಗಿವಿ ನನ್ನ ಕಡೆ ಮಾಡಿ ನಿಂತು ಕೇಳಿಸಿಕೊಂಡ. ದಿನಾ ಪುಟ್ಟಿ ಇಳಿಸುತ್ತೀಯಲ್ಲ ಯಾಕೆ ಎಂದೆ. "ಭಾರ ಇರ್ತದ್ರಿ" ಎಂದ.

ಮಧ್ಯಾಹ್ನದ ಬಿಸಿಲಿಗೆ ಬಂಡೆಮ್ಮ ಹಣ್ಣಿನ ಮೇಲೆ ಒದ್ದೆ ಬಟ್ಟೆ ಹೊದಿಸುತ್ತಿದ್ದರು. ಮೆಹರುನ್ನಿಸಾ ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ. ಅವರು ಬಟ್ಟೆಯ ಅಂಚನ್ನು ಪುಟ್ಟಿಯೊಳಗೆ ಸಿಕ್ಕಿಸಿದರು.

"ಆಕಿ ಹೇಳೂದು ಖರೆ ಅದ" ಎಂದರು. "ನಾ ಹೇಳಿದ್ರ ಆಕೀನೂ ಮುಚ್ಚಿಟ್ಕೊಂಡು ಕುಂದರಬೇಕಾಗ್ತಿತ್ತು. ಮಗನ ಮುಂದ ಹೇಳಂಗಿಲ್ಲ, ಗಂಡನ ಮುಂದ ಹೇಳಂಗಿಲ್ಲ. ಆ ಹೊಟ್ಟಿನೋವು ನನಗೊಬ್ಬಾಕಿಗೇ ಇರ್ಲಿ ಅಂತ ಸುಮ್ಮನಾದೆ. ಅದು ಆಕಿಗೆ ತಿಳಿಬೇಕಂತ ನಾ ಹ್ಯಾಂಗ ಅನ್ಲಿ?"

ಈ ಲೇಖನದಲ್ಲಿ ಹೆಸರು ಬದಲಿಸಿ ಹಾಕಲೇ ಎಂದು ಕೇಳಿದೆ. ಬಂಡೆಮ್ಮನಿಗೆ ನಗು ಬಂತು. "ಬದಲಿ ಮಾಡಿ ಏನ್ ಮಾಡ್ತೀರಿ? ಸ್ಟೇಶನ್ನಿನ ನಾಯಿಗೂ ಗೊತ್ತದ. ನಂದೇ ಹಾಕ್ರಿ. ಸಾಹೇಬ್ರು ಹೆಸರ ಸುದ್ದಾ ಹೇಳಲಿಲ್ಲ. ಅವ್ರಿಗೆ ಗೊತ್ತೇ ಇಲ್ಲ ಕಾಣತದ."

ಬರುವ ಜನವರಿ ಇಪ್ಪತ್ತಾರಕ್ಕೆ ಮತ್ತೆ ಪದಕಗಳ ಪಟ್ಟಿ ಪೇಪರಿನಲ್ಲಿ ಬರುತ್ತದೆ. ನಿಮಗೂ ಒಂದು ಸಿಗಬೇಕಿತ್ತು ಅನಿಸುವುದಿಲ್ಲವೇ ಎಂದದ್ದಕ್ಕೆ ಅವರು ಕೈ ಬೀಸಿ ನೊಣ ಓಡಿಸಿದರು. ಹಾಗಾದರೆ ಏನು ಬೇಕು ಎಂದೆ. ಅವರು ಎದುರಿನ ಗಿಡದ ಕಡೆಗೆ, ಅಲ್ಲಿ ತಿರುಗಿಸಿ ಕೂತಿದ್ದ ಬೆನ್ನಿನ ಕಡೆಗೆ ನೋಡಿದರು.

"ಆಕಿ ಒಮ್ಮಿ ಎದ್ದು ಬಂದು, ನನ್ನ ಎದುರಿಗೆ ನಿಂತು, ಬಾಯಿ ತುಂಬ ಬೈಬೇಕ್ರಿ. ಮೂರ ವರ್ಷ ಆಯ್ತು, ಒಂದ ಮಾತ ಬೈದಿಲ್ಲ. ಸುಮ್ಮನಿರೂದು ನನ್ನ ಕೆಲಸ ಇತ್ತು, ಆಕೀದಲ್ಲ."